ಕಾಲಿಗೆ ತಾಗಿದರೆ ಫೌಲು

ನಮ್ಮ ಮನೆಯಲ್ಲಿ ಚೆಂಡು ಕಾಲಿಗೆ ತಾಗಿದರೆ ಫೌಲು.
ಕಣದಿಂದ ಕಾಫಿ ಎತ್ತಿದ ಮರುದಿನವೇ
ಅಪ್ಪ ಸುಣ್ಣದಲ್ಲಿ ಗೀಟೆಳೆದು ‘ಡಿ’ ಬರೆಯುತ್ತಿದ್ದರು.
ನಾಲ್ವರು ಅಣ್ಣಂದಿರ ನಾಲ್ಕು ಸ್ಟಿಕ್ಕು
ಕೋವಿಯ ಪಕ್ಕದಲ್ಲೇ ಗೋಡೆಗೆ ಒರಗಿ.
ನನ್ನ ಮೊಣಕಾಲಿಗೆ ಬಿದ್ದ ಏಟಿಗೆಲ್ಲ
ಒಂದೇ ತೀರ್ಪು:
ಕಾಲು ಯಾಕೆ ತಂದೆ ನಡುವೆ?

ಐವತ್ತೆರಡನೇ ವಯಸ್ಸಿನಲ್ಲಿ
ಕಾಲಿನಿಂದಲೇ ಆಡುವವರನ್ನು ನೋಡಲು
ವಿಮಾನ ಹತ್ತುತ್ತೇನೆ ಎಂದಾಗ
ಅಪ್ಪಚ್ಚಣ್ಣ ಅಕ್ಕಿರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ.
“ಆಟ ನೋಡಬೇಕಿದ್ದರೆ ನಾಪೋಕ್ಲಿಗೆ ಹೋಗು.
ಒಕ್ಕಗಳೆಲ್ಲ ಆಡುತ್ತಿವೆ. ಬಸ್ ಚಾರ್ಜು ಮೂವತ್ತು.”

ತಪ್ಪು ನನ್ನದಲ್ಲ, ಒಂದು ಅಂಗಿಯದು.
ಮಡಿಕೇರಿಯ ಶುಕ್ರವಾರದ ಸಂತೆ,
ಹಳೆ ಬಟ್ಟೆಯ ರಾಶಿ, ಯಾವುದೆತ್ತಿದರೂ ನಲವತ್ತು.
ಒಳ್ಳೆಮೆಣಸು ಕುಯ್ಯುವಾಗ ಕೆಂಜಿರುವೆಗೆ ತಡೆಯಾಗಲೆಂದು
ಉದ್ದ ತೋಳಿನದೊಂದು ಆರಿಸಿದೆ:
ಹಳದಿ ಕಪ್ಪು ಪಟ್ಟೆ, ಕಣಜದ ಹಾಗೆ,
ಬೆನ್ನಿಗೆ ಹದಿನಾಲ್ಕು, ಅದರ ಮೇಲೆ
ಅರ್ಧ ಉದುರಿದ ಯಾರದೋ ಹೆಸರು.

ಏಣಿಯ ಮೇಲೆ ಎರಡು ಕೊಯ್ಲು ಕಳೆದವು.
ಜೀಪಿನ ಮೊಯ್ದು ಒಂದು ದಿನ ಚೀಲ ಏರಿಸುತ್ತ ಕೇಳಿದ:
“ಅಕ್ಕಾ, ಇದು ಯಾರ ಟೀಮು, ಗೊತ್ತುಂಟಾ?”
ಸುಂಟಿಕೊಪ್ಪದವನು, ಫುಟ್‌ಬಾಲಿನಲ್ಲೇ ಹುಟ್ಟಿದವನು,
ಅವನಿಗೂ ಗೊತ್ತಿರಲಿಲ್ಲ.
ಮಗಳು ಜಸೀಲ ಫೋನಿನಲ್ಲಿ ಹುಡುಕಿದಳು.
ಇಂಗ್ಲೆಂಡಿನ ಯಾವುದೋ ಬಂದರು ಊರು, ಮೂರನೇ ದರ್ಜೆಯ ಲೀಗು,
ಇಪ್ಪತ್ನಾಲ್ಕರಲ್ಲಿ ಇಪ್ಪತ್ತೊಂದನೆಯವರು.
“ಬಿಡಿ ಅಕ್ಕಾ, ಒಳ್ಳೆ ಟೀಮು ಹಿಡೀರಿ,” ಅಂದ.
ಮೈಮೇಲೆ ಹಾಕಿಕೊಂಡದ್ದನ್ನು ಬಿಡುವುದು ಹೇಗೆ?

ಹನ್ನೊಂದು ವರ್ಷ.
ಶನಿವಾರ ರಾತ್ರಿ ಎಂಟೂವರೆ,
ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರ.
ಟಾರ್ಚು, ಕಂಬಳಿ, ಆನೆ ಬಂದೀತೆಂದು ಒಂದು ಕಿವಿ ತೋಟದ ಕಡೆ.
ಪರದೆಯ ಮೇಲೆ ಆಟವಲ್ಲ, ಬರೀ ಅಂಕಿ.
ಸೊನ್ನೆ ಒಂದಾಗಲೆಂದು ಕಾಯುವುದು
ಹೂಮಳೆ ಕಾಯುವುದಕ್ಕಿಂತ ಕಷ್ಟ.

ಮೆಣಸಿಗೆ ಬೆಲೆ ಬಂದ ವರ್ಷ ಹೋದೆ.
ಟಿಕೆಟ್ಟಿಗೆ ಕಾಗದವೇ ಇಲ್ಲ, ಫೋನು ತೋರಿಸಿದೆ,
ಕೀಂ ಎಂದಿತು, ಗೇಟು ತಿರುಗಿತು.
ತಗಡಿನ ಮಾಡು, ಉಪ್ಪುಗಾಳಿ,
ಕಾಗದದ ಲೋಟದಲ್ಲಿ ಸಾರಿನಂಥದ್ದೇನೋ.
ಮತ್ತೆ ಹುಲ್ಲು!
ಇಷ್ಟು ವರ್ಷ ಆ ಅಂಕಿಗಳ ಕೆಳಗೆ
ಇಷ್ಟೊಂದು ಹುಲ್ಲಿತ್ತೆಂದು ಯಾರೂ ಹೇಳಿರಲಿಲ್ಲ.

ಹಿಂದಿನ ಸಾಲಿನ ಮುದುಕ ಭುಜ ತಟ್ಟಿದ.
ಈ ಅಂಗಿ ಎಲ್ಲಿ ಸಿಕ್ಕಿತು ನಿನಗೆ?
ಆ ಹುಡುಗ ಆಡಿದ್ದು ಆರೇ ಪಂದ್ಯ,
ಮಂಡಿ ಮುರಿಯಿತು,
ಈಗ ಬ್ರೆಡ್ಡಿನ ವ್ಯಾನು ಓಡಿಸುತ್ತಾನೆ.
ಅವನ ಹೆಸರಿನ ಅಂಗಿ ಯಾರೂ ಕೊಂಡಿರಲಿಕ್ಕಿಲ್ಲ,
ಅವನ ಅಮ್ಮನನ್ನು ಬಿಟ್ಟರೆ.
ಆಮೇಲೆ ನಾನು ಬೆನ್ನನ್ನು ಸೀಟಿಗೆ ಒರಗಿಸಲಿಲ್ಲ.

ಎಂಬತ್ತನೇ ನಿಮಿಷ.
ನಮ್ಮವನೊಬ್ಬ ಗೋಲಿನೆದುರು ಒಬ್ಬನೇ,
ಚೆಂಡು ನೇರ ಕಾಲಿಗೆ ಬಂತು.
ಎದ್ದು ಕಿರುಚಿದೆ: “ಕಾಲು! ಕಾಲು! ಫೌಲು!”
ನನ್ನ ಬಾಯಲ್ಲಿ ಅಪ್ಪನ ಗಂಟಲು.
ಸುತ್ತ ಯಾರಿಗೂ ಕನ್ನಡ ಬಾರದ್ದು ಪುಣ್ಯ.
ಅವನು ಒದ್ದ, ಕಂಬಕ್ಕೆ ಬಡಿಯಿತು.
ಸೊನ್ನೆ, ಒಂದು. ಸೋತೆವು.
ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ,
ಮೆಣಸಿನ ರೇಟು ಕೇಳಿ
ನಮ್ಮವರು ಕೆರೆದುಕೊಳ್ಳುವ ಹಾಗೆಯೇ.

“ಹೇಗಿತ್ತಕ್ಕಾ?” ಮೊಯ್ದು ಜೀಪು ನಿಲ್ಲಿಸಿದ.
“ಸೋತೆವು.”
“ಅದು ಗೊತ್ತು. ಹೇಗಿತ್ತು?”
ಹುಲ್ಲಿನ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ
ಗದ್ದೆಹಳ್ಳ ದಾಟಿದ್ದೇ ತಿಳಿಯಲಿಲ್ಲ.

ಅಪ್ಪಚ್ಚಣ್ಣ ಮೂರು ದಿನ ಮಾತಾಡಲಿಲ್ಲ.
ನಾಲ್ಕನೇ ಸಂಜೆ, ಸ್ಟಿಕ್ಕಿಗೆ ಎಣ್ಣೆ ಸವರುತ್ತ,
ನನ್ನ ಮುಖ ನೋಡದೆ:
“ಆಫ್‌ಸೈಡು ಇನ್ನೂ ಉಂಟಾ ಅವರಲ್ಲಿ?
ನಮ್ಮಲ್ಲಿ ತೆಗೆದುಬಿಟ್ಟರು.”

ಉಂಟು ಅಂದೆ.
ಅಂಗಿ ತೊಳೆದು ತಂತಿಗೆ ಹಾಕಿದ್ದೇನೆ, ಬೆನ್ನು ಒಳಗೆ ಮಾಡಿ,
ಇದ್ದಷ್ಟು ಅಕ್ಷರ ಬಿಸಿಲಿಗೆ ಉದುರದಿರಲಿ ಎಂದು.
ನಾಳೆ ಕೊಯ್ಲು.
ಕೆಂಜಿರುವೆ ಹಾಗೆಯೇ ಇವೆ.